ಜೋಗವ್ವನ ಮೇಲಿನ ಕೇಸು

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರುವವರಲ್ಲಿ ಹೆಚ್ಚಿನವರು ಮಾತು ಬಲ್ಲ ಮಕ್ಕಳು. ಇಟ್ಟಿಗೆ ಭಟ್ಟಿಯಲ್ಲಿ ಕೆಲಸಕ್ಕಿದ್ದವರು, ಮದುವೆಯ ಚಪ್ಪರದಿಂದ ಎಬ್ಬಿಸಿ ತಂದವರು, ರೈಲು ನಿಲ್ದಾಣದಲ್ಲಿ ಒಂಟಿಯಾಗಿ ಸಿಕ್ಕವರು. ಸುಳ್ಳೋ ನಿಜವೋ, ಕೇಳಿದರೆ ಏನಾದರೂ ಹೇಳುತ್ತಾರೆ. ಎರಡು ತಿಂಗಳು ತುಂಬದ ಕೂಸು ಏನನ್ನೂ ಹೇಳುವುದಿಲ್ಲ. ಅದರ ಮೈಮೇಲಿನ ಗುರುತುಗಳನ್ನು ಬೇರೆಯವರು ಓದಿ ಹೇಳಬೇಕು. ಓದುವವರು ಅಷ್ಟರೊಳಗೆ ಊರಿನ ಬಾಯಲ್ಲಿ ಒಂದು ಕಥೆ ಕೇಳಿಕೊಂಡೇ ಬಂದಿರುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಆಮೇಲೆ ಸಮಿತಿಯಲ್ಲಿ ಸದಸ್ಯೆಯಾಗಿದ್ದೆ, ಈಗ ಅವಧಿ ಮುಗಿದಿದೆ. ಅಧ್ಯಕ್ಷರೊಬ್ಬರು, ಸದಸ್ಯರು ನಾಲ್ವರು. ಬಾಲನ್ಯಾಯ ಕಾಯ್ದೆ 2015 ನಮಗೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ ಕೊಟ್ಟಿದೆ. ಆದರೆ ಅಪರಾಧಿ ಯಾರೆಂದು ತೀರ್ಮಾನಿಸುವ ಕೆಲಸವನ್ನು ಕೊಟ್ಟಿಲ್ಲ, ಅದು ಕೋರ್ಟಿನದು. ಈ ಕೂಸು ಎಲ್ಲಿದ್ದರೆ ಕ್ಷೇಮ ಎಂಬುದಷ್ಟೇ ನಮ್ಮ ಪ್ರಶ್ನೆ. ಹೇಳಲು ಸಲೀಸು. ನೋಯಿಸಿದವರು ಯಾರೆಂದು ಗೊತ್ತಿಲ್ಲದಿರುವಾಗ ಕ್ಷೇಮ ಎಲ್ಲಿದೆಯೆಂದು ಹೇಗೆ ಹೇಳುವುದು? ನೋಯಿಸಿದ್ದಾರೆಯೇ ಎಂಬುದೇ ಗೊತ್ತಿಲ್ಲದಿದ್ದರೆ?

ಅದೇ ಕಾಯ್ದೆಯ 74ನೇ ಕಲಂ ಮಗುವಿನ ಗುರುತು ಬಯಲಾಗುವಂತೆ ಏನನ್ನೂ ಪ್ರಕಟಿಸಬಾರದು ಎನ್ನುತ್ತದೆ. ಹೀಗಾಗಿ ಊರು, ತಿಂಗಳು, ನಂಟುಗಳನ್ನು ಇಲ್ಲಿ ಬದಲಿಸಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ, ಗಂಗಾವತಿ ಕಡೆಯ ಒಂದು ಊರು ಎಂದುಕೊಂಡರೆ ಸಾಕು.

ಆ ಕೂಸಿನ ತಂದೆ ತಾಯಿ ಗುಳೆ ಹೋದವರು. ಎರಡು ರಾಜ್ಯಗಳಾಚೆ ಕಟ್ಟಡ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಹೆರಿಗೆ ಅಲ್ಲೇ ಆಯಿತು. ಜೊತೆಗಿದ್ದ ಹೆಂಗಸರೇ ಹೊಕ್ಕುಳ ಬಳ್ಳಿ ಕತ್ತರಿಸಿದರು. ಮೂರು ವಾರಕ್ಕೆ ತಾಯಿ ಕೂಸನ್ನು ಎತ್ತಿಕೊಂಡು ಊರಿಗೆ ಬಂದಳು, ಗಂಡ ಅಲ್ಲೇ ಉಳಿದ. ಭತ್ತದ ನಾಟಿಯ ಕಾಲ. ಮೇಸ್ತ್ರಿಯಿಂದ ಮುಂಗಡ ಪಡೆದಾಗಿತ್ತು, ಬಾಣಂತಿತನ ಮುಗಿಯುವವರೆಗೆ ಮುಂಗಡ ಕಾಯುವುದಿಲ್ಲ. ಅತ್ತೆಯ ಮನೆ ಅದೇ ಊರಿನಲ್ಲಿತ್ತು, ಆದರೆ ಮಾತು ಬಿಟ್ಟಿತ್ತು. ಬೆಳಗ್ಗೆ ಟಂಟಂ ಗಾಡಿಯಲ್ಲಿ ನಾಟಿಗೆ ಹೊರಡುವಾಗ ಕೂಸನ್ನು ಬಿಟ್ಟು ಹೋಗುತ್ತಿದ್ದುದು ಜೋಗವ್ವನ ಬಳಿ.

ಜೋಗವ್ವ ಆಕೆಗೆ ನಂಟಿನಲ್ಲಿ ಕಾಕಾ ಆಗಬೇಕು, ತಂದೆಯ ತಮ್ಮ. ಹದಿನೇಳರ ವಯಸ್ಸಿನಲ್ಲಿ ಮೈಮೇಲೆ ಅಮ್ಮ ಬಂದಳೆಂದು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆ ಉಟ್ಟವರು. ಈಗ ಐವತ್ತು ದಾಟಿದೆ. ಮಂಗಳವಾರ, ಶುಕ್ರವಾರ ಪಡ್ಡಲಗಿ ಎಂಬ ದೇವಿಯ ಬುಟ್ಟಿ ಹಿಡಿದು ಜೋಗಕ್ಕೆ, ಅಂದರೆ ಭಿಕ್ಷೆಗೆ, ಹೋಗುತ್ತಾರೆ, ಉಳಿದ ದಿನ ಮನೆಯಲ್ಲಿರುತ್ತಾರೆ. ಹುಣ್ಣಿಮೆಯ ದಿನ ಹುಲಿಗಿಗೆ ಹೋಗಿ ಅಂಥವರ ಕಾಲಿಗೆ ಬೀಳುವ ಜನವೇ ಮರುದಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಬಿಡುತ್ತಾರೆ. ಇದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ತಟ್ಟಿದವರು ತಮ್ಮ ಕೂಸನ್ನು ಜೋಗತಿಯೊಬ್ಬರ ಮಡಿಲಿಗೆ ಹಾಕಿ ಹೊಲಕ್ಕೆ ಹೋಗುತ್ತಿದ್ದರೇ ಎಂದು ಕೇಳಿದರೆ ಉತ್ತರ ಬೇರೆ.

ಒಂದು ಬುಧವಾರ ಮಧ್ಯಾಹ್ನ ಕೂಸಿಗೆ ಫಿಟ್ಸ್ ಬಂತು. ಮೈ ಸೆಟೆದು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನೆತ್ತಿ ಉಬ್ಬಿತ್ತು. ಖಾಸಗಿ ಆಸ್ಪತ್ರೆಯೊಂದಕ್ಕೆ ತಲುಪುವಾಗ ಬಿಳಿಚಿಕೊಂಡಿತ್ತು. ಸ್ಕ್ಯಾನ್ ಮಾಡಿದರೆ ತಲೆಬುರುಡೆಯ ಒಳಪದರದ ಕೆಳಗೆ ರಕ್ತಸ್ರಾವ. ಎಡ ತೋಳಿನ ಮೇಲೆ ಎರಡು ನೀಲಿ ಗುರುತು. ಹೊಟ್ಟೆಯ ಮೇಲೆ, ಹೊಕ್ಕುಳಿನ ಸುತ್ತ, ನಾಲ್ಕು ಸುಟ್ಟ ಕಲೆ. ವೈದ್ಯರು ಮೆಡಿಕೋ ಲೀಗಲ್ ಎಂದು ಬರೆದು ಪೊಲೀಸರಿಗೆ ತಿಳಿಸಿದರು, ಕೂಸನ್ನು ಹುಬ್ಬಳ್ಳಿಗೆ ಕಳಿಸಿದರು. ಆ ವೈದ್ಯರನ್ನು ನಾನು ದೂರುವುದಿಲ್ಲ. ತೆವಳಲೂ ಬಾರದ ಕೂಸಿನ ಮೈಮೇಲೆ ಕಂದಿದ ಗುರುತು ಕಂಡರೆ ಅನುಮಾನ ಪಡಬೇಕಾದ್ದು ಅವರ ಕರ್ತವ್ಯ. ತಾನೇ ಬಿದ್ದು, ತಾನೇ ತಾಗಿಸಿಕೊಂಡು ಪೆಟ್ಟು ಮಾಡಿಕೊಳ್ಳುವ ವಯಸ್ಸಲ್ಲ ಅದು.

ಸಂಜೆಯೊಳಗೆ ಅಜ್ಜಿ, ಅಂದರೆ ಮಾತು ಬಿಟ್ಟಿದ್ದ ಅತ್ತೆ, ಠಾಣೆಯಲ್ಲಿ ದೂರು ಕೊಟ್ಟಾಗಿತ್ತು. ಮಗುವಿನ ಮೇಲಿನ ಕ್ರೌರ್ಯಕ್ಕೆ ಬಾಲನ್ಯಾಯ ಕಾಯ್ದೆಯ 75ನೇ ಕಲಂ, ಜೊತೆಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ತೀವ್ರ ಗಾಯದ ಕಲಂ. ಜೋಗವ್ವನನ್ನು ಬಂಧಿಸಿದರು. ಆ ರಾತ್ರಿ ಅವರ ಗುಡಿಸಲಿನ ಬಾಗಿಲು ಮುರಿದಿತ್ತು, ಜೋಗದ ಹಾಡಿಗೆ ನುಡಿಸುವ ಚೌಡಿಕೆ ಒಡೆದಿತ್ತು. ಮುರಿದವರ ಮೇಲೆ ಕೇಸಿಲ್ಲ.

ಕೂಸನ್ನು ಸಮಿತಿಯ ಮುಂದೆ ತರುವ ಸ್ಥಿತಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ಸಮಿತಿಯೇ ಕೂಸಿದ್ದಲ್ಲಿಗೆ ಹೋಗಬೇಕೆಂದು ನಿಯಮ ಹೇಳುತ್ತದೆ. ಇನ್ನೊಬ್ಬ ಸದಸ್ಯರೊಡನೆ ನಾನು ಹುಬ್ಬಳ್ಳಿಗೆ ಹೋದೆ. ದಾರಿಯುದ್ದಕ್ಕೂ ಅವರು ಒಂದೇ ಮಾತು ಆಡುತ್ತಿದ್ದರು: “ಮೇಡಂ, ಅವರಿಗೆ ಮಕ್ಕಳ ಗೊಡವೆ ಏಕೆ ಬೇಕಿತ್ತು?” ವಕೀಲಿಕೆ ಮಾಡಿದವರು, ಒಳ್ಳೆಯವರು. ಆದರೂ ಆ ಮಾತಿನೊಳಗೆ ತೀರ್ಪು ಆಗಲೇ ಬರೆದಿಟ್ಟಂತಿತ್ತು.

ಐಸಿಯು ಹೊರಗೆ ತಾಯಿ ಕುಳಿತಿದ್ದಳು. ಪಾದದ ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಇನ್ನೂ ಇತ್ತು. ಕಾಕಾ ಹೊಡೆದಿರಬಹುದೇ ಎಂದು ಕೇಳಿದೆವು. “ನನ್ನನ್ನೂ ಸಾಕಿದ್ದು ಅವರೇ, ಅಕ್ಕಾವರೇ” ಎಂದಳು. ನನ್ನ ಜೊತೆಗಿದ್ದವರು ಅದನ್ನು ಬರೆದುಕೊಳ್ಳಲಿಲ್ಲ. ಪ್ರಶ್ನೆಗೆ ಅದು ಉತ್ತರವಲ್ಲ ಎಂಬುದು ಅವರ ವಾದ, ಆ ವಾದ ಪೂರ್ತಿ ತಪ್ಪೂ ಅಲ್ಲ.

ಮಕ್ಕಳ ವೈದ್ಯರೊಬ್ಬರು ನಮಗಾಗಿ ಅರ್ಧ ಗಂಟೆ ಬಿಡುವು ಮಾಡಿಕೊಂಡರು. ಪಕ್ಕೆಲುಬು, ಕೈಕಾಲು, ಎಲ್ಲ ಮೂಳೆಗಳ ಎಕ್ಸ್‌ರೇ ತೆಗೆದಿದ್ದರು. ಎಲ್ಲೂ ಮುರಿತವಿಲ್ಲ, ಹಳೆಯ ಮುರಿತದ ಗುರುತೂ ಇಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಒಂದೇ ಕಣ್ಣಿನ ಹಿಂಪದರದಲ್ಲಿ ಸ್ವಲ್ಪ ರಕ್ತ. ಕೂಸನ್ನು ಹಿಡಿದು ಜೋರಾಗಿ ಕುಲುಕಿದರೆ ಹೀಗಾಗುತ್ತದೆಯೇ ಎಂದು ಕೇಳಿದೆ. ಆಗಬಹುದು ಎಂದರು. ಕುಲುಕದೆಯೂ ಆಗಬಹುದೇ ಎಂದೆ. ಅದಕ್ಕೂ ಆಗಬಹುದು ಎಂದರು. ಮತ್ತೆ ತಾವೇ ಕೇಳಿದರು: “ಕೂಸು ಹುಟ್ಟಿದ್ದು ಯಾವ ಆಸ್ಪತ್ರೆಯಲ್ಲಿ?”

ಯಾವ ಆಸ್ಪತ್ರೆಯಲ್ಲೂ ಅಲ್ಲ.

ಹತ್ತನೇ ತರಗತಿಯ ಮಕ್ಕಳಿಗೆ ಎಷ್ಟೋ ವರ್ಷ ಬೋರ್ಡಿನ ಮೇಲೆ ಬರೆದು ಉರು ಹೊಡೆಸಿದ ಸಾಲು ಅದು: ರಕ್ತ ಹೆಪ್ಪುಗಟ್ಟಲು ವಿಟಮಿನ್ ಕೆ ಬೇಕು. ಉಳಿದದ್ದನ್ನು ವೈದ್ಯರು ಬಿಡಿಸಿ ಹೇಳಿದರು. ಎಲ್ಲ ಕೂಸುಗಳೂ ಈ ವಿಟಮಿನ್ನಿನ ಕೊರತೆಯಲ್ಲೇ ಹುಟ್ಟುತ್ತವೆ. ತಾಯಿಯ ಹಾಲಿನಲ್ಲಿ ಅದು ತೀರಾ ಕಡಿಮೆ. ಅದಕ್ಕೇ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಹುಟ್ಟಿದ ಕೂಡಲೇ ತೊಡೆಗೆ ಒಂದು ಮಿಲಿಗ್ರಾಂ ಚುಚ್ಚುಮದ್ದು. ಅದು ಸಿಗದ, ಬರೀ ಎದೆಹಾಲು ಕುಡಿಯುವ ಕೂಸುಗಳಲ್ಲಿ ಕೆಲವಕ್ಕೆ ಎರಡು ವಾರದಿಂದ ಮೂರು ತಿಂಗಳೊಳಗೆ ಯಾರೂ ಮುಟ್ಟದೆಯೇ ರಕ್ತಸ್ರಾವವಾಗಬಹುದು, ಅದರಲ್ಲೂ ಹೆಚ್ಚಾಗಿ ತಲೆಯೊಳಗೆ. ಅಂಥ ಕೂಸನ್ನು ಸ್ವಲ್ಪ ಬಿಗಿಯಾಗಿ ಹಿಡಿದರೂ ಮೈ ನೀಲಿಗಟ್ಟುತ್ತದೆ. ಎಲ್ಲಕ್ಕಿಂತ ಒಳ್ಳೆಯ ಹಾಲು ಕುಡಿಯುತ್ತಿದ್ದ ಕೂಸಿಗೇ ಹೀಗೆ.

ಹಾಗಾದರೆ ರಕ್ತ ಪರೀಕ್ಷೆಯಲ್ಲಿ ತಿಳಿಯುವುದಿಲ್ಲವೇ? ಮೊದಲ ದಿನ ತಿಳಿಯುತ್ತಿತ್ತು. ಆದರೆ ಫಿಟ್ಸ್ ಬಂದ ಕೂಸು ಕೈಗೆ ಬಂದ ಕೂಡಲೇ ಮೊದಲ ಆಸ್ಪತ್ರೆಯಲ್ಲಿ ವಿಟಮಿನ್ ಕೆ ಕೊಟ್ಟಿದ್ದರು. ಕೊಟ್ಟದ್ದು ಸರಿಯೇ, ಕೂಸು ಉಳಿದದ್ದು ಅದರಿಂದಲೂ ಇರಬಹುದು. ಹೆಪ್ಪುಗಟ್ಟುವ ಪರೀಕ್ಷೆಗೆ ರಕ್ತ ತೆಗೆದದ್ದು ಮಾತ್ರ ಮರುದಿನ, ಹುಬ್ಬಳ್ಳಿಯಲ್ಲಿ. ಅಷ್ಟರಲ್ಲಿ ಎಲ್ಲ ಸರಿಹೋಗಿತ್ತು. ವಿಟಮಿನ್ ಕೊಟ್ಟ ಮೇಲೂ ಕೆಲವು ದಿನ ಸುಳಿವು ಉಳಿಸುವ ಇನ್ನೊಂದು ಪರೀಕ್ಷೆ ಇದೆಯಂತೆ. ಅದನ್ನು ಯಾರೂ ಮಾಡಿಸಿರಲಿಲ್ಲ, ಈಗ ಮಾಡಿಸಿ ಉಪಯೋಗವಿಲ್ಲ. ಕೂಸನ್ನು ಬದುಕಿಸಿದ ಮದ್ದೇ ಜೋಗವ್ವನ ಸಾಕ್ಷ್ಯವನ್ನು ಅಳಿಸಿಹಾಕಿತ್ತು.

ವೈದ್ಯರು ಲಿಖಿತವಾಗಿ ಕೊಟ್ಟದ್ದು ಇಷ್ಟೇ: ವಿಟಮಿನ್ ಕೆ ಕೊರತೆಯ ರಕ್ತಸ್ರಾವವನ್ನು ತಳ್ಳಿಹಾಕಲಾಗದು, ಪೆಟ್ಟನ್ನೂ ತಳ್ಳಿಹಾಕಲಾಗದು. ಸಭೆಯಲ್ಲಿ ಅದನ್ನು ಓದಿದಾಗ ಒಬ್ಬರು “ಅಂದರೆ ಏನೂ ಹೇಳಲಿಲ್ಲ” ಎಂದರು. ನನಗೆ ಹಾಗನ್ನಿಸಲಿಲ್ಲ. ಅಲ್ಲಿಯವರೆಗೆ ತಕ್ಕಡಿಯ ಒಂದೇ ತಟ್ಟೆಗೆ ಕಲ್ಲು ಬಿದ್ದಿತ್ತು, ಇನ್ನೊಂದು ತಟ್ಟೆಯೂ ಇದೆ ಎಂದು ಅವರು ಹೇಳಿದ್ದರು.

ಹೊರದೇಶದಲ್ಲಿರುವ ನನ್ನ ಮಗ ಆ ವಾರ ಒಂದಿಷ್ಟು ಲೇಖನ ಕಳಿಸಿದ. ಮಕ್ಕಳನ್ನು ಮನೆಯವರೇ ಹೊಡೆಯುತ್ತಾರೆ ಎಂಬುದನ್ನು ವೈದ್ಯಲೋಕ ಗಂಭೀರವಾಗಿ ಒಪ್ಪಿಕೊಂಡದ್ದೇ 1962ರಲ್ಲಿ, ಅಮೆರಿಕದ ಹೆನ್ರಿ ಕೆಂಪೆ ಮತ್ತು ಸಂಗಡಿಗರು ಬರೆದ ಮೇಲೆ. ಕುಲುಕುವುದರಿಂದಲೇ ಕೂಸಿನ ತಲೆಯೊಳಗೆ ರಕ್ತಸ್ರಾವವಾಗಬಹುದು ಎಂದು 1971ರಲ್ಲಿ ಸೂಚಿಸಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ನಾರ್ಮನ್ ಗುತ್‌ಕೆಲ್ಚ್. ತಮ್ಮ ಸೂಚನೆಯನ್ನು ಕೋರ್ಟುಗಳಲ್ಲಿ ಬಳಸುತ್ತಿರುವ ರೀತಿಗೆ ಅವರೇ ಇಳಿವಯಸ್ಸಿನಲ್ಲಿ ಕಳವಳಪಟ್ಟರು. 1997ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಕೂಸು ನೋಡಿಕೊಳ್ಳುತ್ತಿದ್ದ ಹತ್ತೊಂಬತ್ತರ ಹುಡುಗಿ ಲೂಯಿಸ್ ವುಡ್‌ವರ್ಡ್‌ಳನ್ನು ಜ್ಯೂರಿ ಕೊಲೆಗಾರ್ತಿ ಎಂದಿತು. ಕೆಲವೇ ದಿನಗಳಲ್ಲಿ ನ್ಯಾಯಾಧೀಶರು ಅದನ್ನು ಉದ್ದೇಶವಿಲ್ಲದ ನರಹತ್ಯೆಗೆ ಇಳಿಸಿ, ಆಗಲೇ ಜೈಲಿನಲ್ಲಿ ಕಳೆದ 279 ದಿನಗಳೇ ಶಿಕ್ಷೆ ಎಂದರು. ಅಲ್ಲಿಯ ದೊಡ್ಡ ದೊಡ್ಡ ತಜ್ಞರೇ ಎರಡು ಪಂಗಡವಾಗಿ ನಿಂತಿದ್ದನ್ನು ಓದಿದ ಮೇಲೆ, ನಮ್ಮ ತಾಲ್ಲೂಕಿನ ಜನ ಒಂದೇ ಸಂಜೆಯಲ್ಲಿ ಒಮ್ಮತಕ್ಕೆ ಬಂದದ್ದು ಇನ್ನಷ್ಟು ಅಚ್ಚರಿಯಾಗಿ ಕಂಡಿತು.

ಜಾಮೀನು ಸಿಕ್ಕ ಮೇಲೆ ಜೋಗವ್ವ ಸಮಿತಿಯ ಮುಂದೆ ಬಂದರು. ಕಾನೂನು ಸೇವಾ ಪ್ರಾಧಿಕಾರದಿಂದ ನೇಮಿಸಿದ ಯುವ ವಕೀಲೆ ಜೊತೆಗಿದ್ದರು. ಇಲ್ಲಿ ಆಡಿದ ಮಾತು ಅಲ್ಲಿ ತಿರುಗಿ ಬರಬಹುದು, ಸುಮ್ಮನಿರಿ ಎಂದು ಆಕೆ ನಮ್ಮೆದುರೇ ಹೇಳಿದರು, ಹೇಳಬೇಕಾದ್ದೇ. ಜೋಗವ್ವ ಸೆರಗು ಸರಿಮಾಡಿಕೊಂಡು, “ಕೂಸಿನ ಸಲುವಾಗಿ ಕರೆಸಿದ್ದೀರಿ, ಕೂಸಿನ ಮಾತು ಹೇಳುತ್ತೇನೆ” ಎಂದರು.

ಪೊಲೀಸ್ ಹೇಳಿಕೆಯಲ್ಲಿ ‘ಸೀರೆಯ ಜೋಳಿಗೆಯಿಂದ ಕೂಸು ಕೆಳಗೆ ಬಿತ್ತು’ ಎಂದಿತ್ತು, ಕೆಳಗೆ ಹೆಬ್ಬೆಟ್ಟು. ಜೋಗವ್ವನ ವಿರುದ್ಧ ಎಲ್ಲಕ್ಕಿಂತ ಬಲವಾಗಿ ನಿಂತದ್ದು ಇದೇ ಸಾಲು. ಮೊಣಕಾಲೆತ್ತರದ ಜೋಳಿಗೆಯಿಂದ ಬಿದ್ದರೆ ಇಷ್ಟು ರಕ್ತಸ್ರಾವ ಆಗುವುದಿಲ್ಲ, ಹಾಗಾದರೆ ಹೇಳಿದ್ದು ಸುಳ್ಳು, ಸುಳ್ಳು ಹೇಳಿದವರು ಏನೋ ಮುಚ್ಚಿಡುತ್ತಿದ್ದಾರೆ. ಈ ಸರಪಳಿಯಲ್ಲಿ ಒಂದು ಕೊಂಡಿಯನ್ನೂ ಯಾರೂ ಎಳೆದು ನೋಡಿರಲಿಲ್ಲ. ನಾನು ಕೇಳಿದೆ: “ಕೂಸು ಬಿದ್ದಿತ್ತೇ?”

“ಇಲ್ಲ, ಅವ್ವಾ. ಬಿದ್ದಿತ್ತೇ, ಬಿದ್ದಿತ್ತೇ ಎಂದು ಮೇಲಿಂದ ಮೇಲೆ ಕೇಳಿದರು. ಬೀಳದೆ ಹೀಗೆ ಆಗುವುದುಂಟೇ ಎಂದರು. ನನಗೇನು ಗೊತ್ತು? ನಾನು ಒಲೆಯ ಹತ್ತಿರ ಇದ್ದಾಗ ಬಿದ್ದಿತ್ತೇನೋ ಎಂದೆ. ಬರೆದುಕೊಂಡರು.”

ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಆದರೆ ಆ ಹೇಳಿಕೆಯ ಸಾರ ಆಸ್ಪತ್ರೆಯ ಕಾಗದಕ್ಕೆ, ಅಲ್ಲಿಂದ ಪತ್ರಿಕೆಗೆ, ಪತ್ರಿಕೆಯಿಂದ ನಮ್ಮ ಕಡತಕ್ಕೆ ಹರಿದು ಬಂದಿತ್ತು. ಆಸ್ಪತ್ರೆಗೆ ತರುವುದು ತಡವಾದದ್ದೇಕೆ ಎಂಬ ಇನ್ನೊಂದು ಆಕ್ಷೇಪ ಇತ್ತು. ಮೊದಲು ಕಾಲುವೆಯ ದಂಡೆ ಹಿಡಿದು ಗದ್ದೆಗೆ ಓಡಿದರಂತೆ, ತಾಯಿಯನ್ನು ಕರೆದುಕೊಂಡು ಹೋಗಲು. “ನಾನೊಬ್ಬಳೇ ಕೂಸು ಹಿಡಿದು ಹೋದರೆ ಎಲ್ಲಿಂದ ಕದ್ದು ತಂದೆ ಎನ್ನುತ್ತಾರೆ.” ರಸ್ತೆಗೆ ಬಂದರೆ ಎರಡು ಆಟೋ ನಿಲ್ಲಿಸಲಿಲ್ಲ. ಒಬ್ಬ ಹುಡುಗ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡಿಕೊಂಡ. ಕೊನೆಗೆ ಗೊಬ್ಬರದ ಚೀಲ ಹೇರಿದ್ದ ಗೂಡ್ಸ್ ಗಾಡಿಯವನೊಬ್ಬ ಹತ್ತಿಸಿಕೊಂಡ. ಆ ವಿಡಿಯೋವನ್ನು ನಾನೂ ನೋಡಿದ್ದೇನೆ. ‘ಮಕ್ಕಳ ಕಳ್ಳಿ’ ಎಂಬ ಶೀರ್ಷಿಕೆಯೊಂದಿಗೆ ಊರೂರು ತಿರುಗುತ್ತಿತ್ತು. ಅದರಲ್ಲಿ ಜೋಗವ್ವ ಓಡುತ್ತಿರುವುದು ಕಾಣುತ್ತದೆ, ಹಿಂದೆ ಕೆಸರುಗಾಲಿನಲ್ಲಿ ತಾಯಿ ಓಡುತ್ತಿರುವುದೂ ಕಾಣುತ್ತದೆ.

ತೋಳಿನ ಗುರುತುಗಳ ಬಗ್ಗೆ ಕೇಳಿದೆ. ಸೆಟೆದುಕೊಂಡ ಕೂಸನ್ನು ಅವುಚಿ ಹಿಡಿದೆ ಎಂದರು. ಎಷ್ಟು ಬಿಗಿಯಾಗಿ ಎಂದು ಅವರಿಗೂ ನೆನಪಿಲ್ಲ. ಕುಡಿಯುತ್ತೀರಾ ಎಂದೆ. ಜೋಗ ಮುಗಿಸಿ ಬಂದ ರಾತ್ರಿ ಕುಡಿಯುತ್ತೇನೆ ಎಂದರು, ಅಡಗಿಸಲಿಲ್ಲ. ಆ ದಿನ ಬುಧವಾರ, ಹಿಂದಿನ ರಾತ್ರಿ ಮಂಗಳವಾರ. ಅವರ ಪರವಾಗಿ ಕೊನೆಗೆ ವಾದಿಸಿದ ನನಗೂ ಆ ಲೆಕ್ಕ ಮನಸ್ಸಿನಲ್ಲಿ ಮೂಡದೆ ಇರಲಿಲ್ಲ, ಈಗಲೂ ಅಳಿಸಿಹೋಗಿಲ್ಲ.

ಏಳುವ ಮೊದಲು ಅವರಾಗಿಯೇ ಹೇಳಿದ ಒಂದು ಮಾತು ಯಾರ ಕಡತದಲ್ಲೂ ಇರಲಿಲ್ಲ. ತಿಂಗಳು ತುಂಬಿದ ಮೇಲೆ ಕೂಸಿಗೆ ಕಿವಿ ಚುಚ್ಚಿಸಿದ್ದರು. “ಎಲ್ಲ ಕೂಸುಗಳಿಗೂ ಒಂದು ಹನಿ ಬರುತ್ತದೆ, ಒರೆಸಿದರೆ ಮುಗಿಯಿತು. ಇದಕ್ಕೆ ಹೊತ್ತು ಮುಳುಗುವವರೆಗೂ ಒಸರುತ್ತಲೇ ಇತ್ತು. ಅರಿಸಿನ ಒತ್ತಿ ಒತ್ತಿ ನನ್ನ ಬೆರಳು ಸೋತವು. ಈ ಕೂಸಿನ ರಕ್ತ ತೆಳ್ಳಗಿದೆ ಎಂದು ಆವತ್ತೇ ನನ್ನ ಮಗಳಿಗೆ ಹೇಳಿದ್ದೆ.”

ಹುಬ್ಬಳ್ಳಿಯ ವೈದ್ಯರಿಗೆ ಫೋನ್ ಮಾಡಿದೆ. ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇದನ್ನು ಯಾರಾದರೂ ಮೊದಲೇ ಹೇಳಬಾರದಿತ್ತೇ?” ಎಂದರು. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಇಂಥ ಸಣ್ಣ ಮುನ್ಸೂಚನೆ ಕಾಣುವುದುಂಟು ಎಂದು ಅವರೇ ಹಿಂದೆ ಹೇಳಿದ್ದರು. ಮೊದಲೇ ಹೇಳಬೇಕಾದವರು ಲಾಕಪ್ಪಿನಲ್ಲಿದ್ದರು. ಹಗಲಿಡೀ ಕೂಸಿನ ಮೈ ನೋಡುತ್ತಿದ್ದ ಒಬ್ಬರೇ ಒಬ್ಬರನ್ನು ಆರೋಪಿ ಎಂದು ಬದಿಗಿಟ್ಟ ಮೇಲೆ, ಕೂಸಿಗೆ ಹಿಂದೆ ಏನಾಗಿತ್ತು ಎಂದು ಹೇಳಬಲ್ಲವರು ಯಾರೂ ಉಳಿದಿರಲಿಲ್ಲ.

ಆರೋಪಿಯ ಮಾತನ್ನಷ್ಟೇ ನಂಬಲಾಗದು. ಕಿವಿ ಚುಚ್ಚಿದ ಪತ್ತಾರರನ್ನು ಹುಡುಕಿಕೊಂಡು ಹೋದೆವು. ಹೆದರಿಕೊಂಡರು, ತಮ್ಮ ಮೇಲೆ ಕೇಸಾಗುತ್ತದೆ ಎಂದುಕೊಂಡಿದ್ದರು. ಚಹಾ ತರಿಸಿದ ಮೇಲೆ ಬಾಯಿ ಬಿಟ್ಟರು: ಸಂಜೆ ಜೋಗವ್ವ ಮತ್ತೆ ಅಂಗಡಿಗೆ ಬಂದು, ರಕ್ತ ನಿಲ್ಲುತ್ತಿಲ್ಲ, ತಂತಿಯಲ್ಲಿ ತುಕ್ಕಿತ್ತೇ ಎಂದು ಜಗಳ ತೆಗೆದಿದ್ದರಂತೆ. ಆಶಾ ಕಾರ್ಯಕರ್ತೆಯನ್ನೂ ಕೇಳಿದೆವು. ಊರಿಗೆ ಬಂದ ಮೇಲೆ ಮಾಡಿಸಿದ ತಾಯಿ ಕಾರ್ಡಿನಲ್ಲಿ ಹುಟ್ಟಿದ ದಿನದ ಕಲಂಗಳು ಖಾಲಿ. ಒಂದೂವರೆ ತಿಂಗಳ ಲಸಿಕೆ ಹಾಕಿಸಿದ್ದು ಈಕೆಯೇ. ಅದಾದ ಮೇಲೆ ತೊಡೆ ಊದಿ ಕರ್ರಗಾಗಿತ್ತು, ಲಸಿಕೆಯಿಂದ ಹಾಗಾಗುತ್ತದೆ ಎಂದು ಐಸ್ ಒತ್ತಲು ಹೇಳಿದ್ದರು. ಹೇಳುತ್ತ ಹೇಳುತ್ತಲೇ ಆಕೆಯ ದನಿ ನಿಧಾನವಾಯಿತು, ಏನು ಹೇಳುತ್ತಿದ್ದೇನೆ ಎಂಬುದು ಆಕೆಗೇ ಹೊಳೆಯುತ್ತಿತ್ತು.

ಇನ್ನು ಹೊಟ್ಟೆಯ ಮೇಲಿನ ನಾಲ್ಕು ಸುಟ್ಟ ಕಲೆಗಳು. ಪತ್ರಿಕೆಯ ವರದಿಯಲ್ಲಿ ಓದುಗರನ್ನು ನಡುಗಿಸಿದ್ದು ಅವೇ. ಬೀಡಿಯಿಂದ ಸುಟ್ಟದ್ದು ಎಂದು ಬರೆದಿದ್ದರು. ಆಗಲೇ ಒಣಗಿ ಹೊಪ್ಪಳೆ ಬಿದ್ದ ಗಾಯ, ಆ ಬುಧವಾರದ್ದಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಹೊಕ್ಕುಳಿನ ಸುತ್ತ ನಾಲ್ಕು ಕಲೆ ಎಂದ ಕೂಡಲೇ ಅದು ಏನೆಂದು ಗೊತ್ತಾಗಬೇಕು. ನನ್ನ ಸ್ವಂತ ಅಣ್ಣನ ಹೊಟ್ಟೆಯ ಮೇಲೆ ಇವೆ. ಕೂಸು ಎಡೆಬಿಡದೆ ಅತ್ತರೆ, ಹೊಟ್ಟೆ ಉಬ್ಬರಿಸಿದರೆ, ಬಳೆಯ ಚೂರು ಕಾಯಿಸಿ ಬರೆ ಹಾಕುತ್ತಾರೆ. ಈಗ ಕೆಲವರು ಊದಿನಕಡ್ಡಿಯಿಂದಲೇ ಮುಗಿಸುತ್ತಾರೆ. ಕೂಸುಗಳು ಇದರಿಂದ ನಂಜಾಗಿ ಸತ್ತದ್ದೂ ಉಂಟು.

ಬರೆ ಹಾಕಿದವರು ಜೋಗವ್ವ ಅಲ್ಲ. ಊರಿಗೆ ಬಂದ ಮೊದಲ ವಾರ ತಾಯಿ ಅತ್ತೆಯ ಮನೆಯಲ್ಲಿದ್ದಳು. ಅಜ್ಜಿ ಬರೆ ಹಾಕಿದಳು, ತಾಯಿ ಬೇಡವೆಂದಳು, ಅದರಿಂದಲೇ ಜಗಳವಾಗಿ ಮಾತು ಬಿಟ್ಟದ್ದು. ಇದನ್ನು ತಾಯಿ ಪೊಲೀಸರಿಗೆ ಹೇಳಿರಲಿಲ್ಲ. ಗಂಡನ ತಾಯಿಯ ಮೇಲೆ ಹೇಗೆ ಹೇಳುವುದು? ಅಜ್ಜಿಯನ್ನೇ ಕೇಳಿದಾಗ ಒಂದಿಷ್ಟೂ ಅಳುಕಿಲ್ಲದೆ ಒಪ್ಪಿಕೊಂಡಳು: “ಹೌದು, ಹಾಕಿದೆ. ನನ್ನ ಮೊಮ್ಮಗಳಲ್ಲವೇ? ಉಳಿಯಲಿ ಎಂದು ಹಾಕಿದೆ.” ಆಕೆ ಸುಳ್ಳು ಹೇಳುತ್ತಿರಲಿಲ್ಲ. ಉಳಿಯಲಿ ಎಂದೇ ಹಾಕಿದ್ದಳು.

ಆ ಕೂಸಿನ ಮೈಮೇಲೆ ಮನುಷ್ಯರು ಮಾಡಿದ್ದು ಎಂದು ಸಂಶಯವಿಲ್ಲದೆ ಹೇಳಬಹುದಾದ ಗಾಯ ಅದೊಂದೇ. ಮಾಡಿದವರು ಒಪ್ಪಿಕೊಂಡಿದ್ದಾರೆ, ನೋಡಿದವರಿದ್ದಾರೆ. ಆದರೂ ನಮ್ಮ ಸಭೆಯಲ್ಲಿ ಅದು “ಅದೊಂದು ಹಳ್ಳಿಯ ಪದ್ಧತಿ, ಬಿಡಿ” ಎಂದು ಮುಗಿಯುವುದರಲ್ಲಿತ್ತು. ಅದೇ ಕಲೆಗಳು ಜೋಗವ್ವನ ಕೈಯದ್ದು ಎಂದುಕೊಂಡಿದ್ದಷ್ಟು ದಿನ ಅವನ್ನು ಕ್ರೌರ್ಯ ಎನ್ನುತ್ತಿದ್ದೆವು. ಕೈ ಬದಲಾಯಿತು, ಗಾಯದ ಹೆಸರೂ ಬದಲಾಯಿತು. ನಾನು ಅಲ್ಲಿ ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅಜ್ಜಿಯನ್ನು ಜೈಲಿಗೆ ಹಾಕಿ ಎಂದಲ್ಲ. ಮುದುಕಿಯನ್ನು ಒಳಗೆ ಕಳಿಸಿದರೆ ಕೂಸಿಗೆ ಏನೂ ಲಾಭವಿಲ್ಲ, ಊರಿನಲ್ಲಿ ಇನ್ನು ಮುಂದೆ ಬರೆ ಹಾಕಿದವರು ಆಸ್ಪತ್ರೆಗೇ ಬರುವುದಿಲ್ಲ. ಆದರೆ ಆದೇಶದಲ್ಲಿ ಅದನ್ನು ಬರೆಯಲೇಬೇಕು ಎಂದು ಹಟ ಹಿಡಿದೆ.

ಅದಕ್ಕೆ ಮುಂಚೆ ಕೂಸನ್ನು ಎಲ್ಲಿ ಇಡುವುದು ಎಂಬ ಜಗ್ಗಾಟ ಒಂದಿತ್ತು. ದತ್ತು ಕೇಂದ್ರಕ್ಕೆ ಕಳಿಸೋಣ, ಅಲ್ಲಿ ಆಯಾಗಳಿದ್ದಾರೆ ಎಂದರು ಕೆಲವರು. ಎದೆಹಾಲು ಕುಡಿಯುವ ಕೂಸನ್ನು ತಾಯಿಯಿಂದ ಬಿಡಿಸಲು ತಾಯಿಯ ಮೇಲೆ ಯಾವ ಆರೋಪವಿದೆ? ಕೊನೆಗೆ ಪಕ್ಕದ ತಾಲ್ಲೂಕಿನಲ್ಲಿದ್ದ ತಾಯಿಯ ಅಕ್ಕನನ್ನು ಯೋಗ್ಯ ವ್ಯಕ್ತಿ ಎಂದು ಗುರುತಿಸಿ, ತಾಯಿ ಮಗುವನ್ನು ಅಲ್ಲಿಗೆ ಕಳಿ­ಸಿದೆವು. ಸಾಮಾಜಿಕ ತನಿಖಾ ವರದಿ ಬಂತು. ಅದರ ವಿಚಾರ ಹೆಚ್ಚು ಹೇಳುವುದಿಲ್ಲ. ‘ಆರೋಪಿಯ ನಡತೆ’ ಎಂಬ ಭಾಗದಲ್ಲಿ ಅವರು ಉಡುವ ಸೀರೆಯ ಬಗ್ಗೆ ಮೂರು ಸಾಲು, ಕೂಸಿಗೆ ದಿನವೂ ಏನೇನು ಮಾಡುತ್ತಿದ್ದರು ಎಂಬುದರ ಬಗ್ಗೆ ಒಂದೂ ಇಲ್ಲ.

ಅಂತಿಮ ಆದೇಶದ ದಿನ ಕೂಸು ತಾಯಿಯ ಬಳಿಯೇ ಇರಲಿ ಎಂಬುದರಲ್ಲಿ ಭಿನ್ನಾಭಿಪ್ರಾಯ ಬರಲಿಲ್ಲ. ಬಂದದ್ದು ಷರತ್ತಿನಲ್ಲಿ. ಜೋಗವ್ವ ಕೂಸಿನ ಹತ್ತಿರ ಸುಳಿಯಕೂಡದು ಎಂದು ಬರೆಯಬೇಕೆಂಬುದು ಅಧ್ಯಕ್ಷರ ಅಭಿಪ್ರಾಯ. ಕೇಸು ಬಾಕಿ ಇದೆ, ನಾಳೆ ಏನಾದರೂ ಆದರೆ ಹೊಣೆ ಯಾರು ಎಂದರು. ಆ ಭಯ ನಿಜವಾದದ್ದು, ನನಗೂ ಇತ್ತು. ಇನ್ನೊಬ್ಬ ಸದಸ್ಯೆ ಇನ್ನೊಂದು ತುದಿಗೆ ಹೋಗಿದ್ದರು. ಕಿವಿಯ ವಿಷಯ ತಿಳಿದಾಗಿನಿಂದ ಅವರಿಗೆ ಜೋಗವ್ವ ಸಾಕ್ಷಾತ್ ದೇವತೆ. ನನಗೆ ಅದೂ ಸರಿ ಕಾಣಲಿಲ್ಲ. ತೋಳಿನ ಎರಡು ಗುರುತುಗಳ ಮೇಲೆ ಯಾರೂ ಪ್ರಮಾಣ ಮಾಡಲಾರರು. ಸೀರೆ ಉಟ್ಟ ಕಾರಣಕ್ಕೆ ಒಬ್ಬರನ್ನು ಅಪರಾಧಿ ಮಾಡುವುದು ಹೇಗೆ ಸಲ್ಲದೋ, ಅವಮಾನ ಪಟ್ಟರು ಎಂಬ ಕಾರಣಕ್ಕೆ ನಿರಪರಾಧಿ ಮಾಡುವುದೂ ಹಾಗೆಯೇ.

ನಾನು ಬೇರೆ ಒಕ್ಕಣೆ ಮುಂದಿಟ್ಟೆ. ಯಾರ ಹೆಸರನ್ನೂ ಹಿಡಿಯುವುದು ಬೇಡ. ಮಿದುಳಿನ ತಪಾಸಣೆಗಳು ಮುಗಿಯುವವರೆಗೆ ಕೂಸನ್ನು ತಾಯಿ ಇಲ್ಲದಾಗ ಯಾವ ಒಬ್ಬರ ಬಳಿಯೂ ಒಂಟಿಯಾಗಿ ಬಿಡಕೂಡದು, ಅಜ್ಜಿಯೂ ಸೇರಿ. ಬರೆ ಹಾಕಿದ್ದು ನಡೆದಿದೆ, ಮತ್ತೆ ನಡೆದರೆ 75ನೇ ಕಲಂ ಅನ್ವಯ ಕ್ರಮ. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆ ವಾರಕ್ಕೊಮ್ಮೆ ನೋಡಬೇಕು. ಜೋಗವ್ವನ ಭೇಟಿ ಜಾಮೀನಿನ ಷರತ್ತಿಗೆ ಬಿಟ್ಟದ್ದು, ನಮ್ಮದಲ್ಲ. ಕಾಯ್ದೆಯ ಪ್ರಕಾರ ಭಿನ್ನಾಭಿಪ್ರಾಯ ಬಂದರೆ ಬಹುಮತ. ಮೂವರು ನನ್ನ ಒಕ್ಕಣೆಗೆ ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಹುಬ್ಬಳ್ಳಿಗೆ ಹೋಗುವಾಗ ಒಂದೇ ಮಾತು ಆಡುತ್ತಿದ್ದ ವಕೀಲ ಸದಸ್ಯರು ಒಪ್ಪಿದವರಲ್ಲಿದ್ದರು. ಕಾರಣ ಕೇಳಿದರೆ, ಇದು ಮೇಲ್ಮನವಿಯಲ್ಲಿ ನಿಲ್ಲುತ್ತದೆ ಎಂದಷ್ಟೇ ಹೇಳಿದರು.

ಆದೇಶವನ್ನು ಓದಿ ಹೇಳಿದಾಗ ತಾಯಿ ಕೇಳಿದ್ದು ನಮ್ಮಲ್ಲಿ ಯಾರೂ ಯೋಚಿಸದ ಪ್ರಶ್ನೆ: “ಹಾಗಾದರೆ ಕೆಲಸಕ್ಕೆ ಹೋಗುವಾಗ ಯಾರ ಬಳಿ ಬಿಡಲಿ?” ಪಂಚಾಯಿತಿ ನಡೆಸುವ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರದಲ್ಲಿ ಅಷ್ಟು ಎಳೆಯ ಕೂಸಿಗೆ ಏರ್ಪಾಡಿರಲಿಲ್ಲ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿಯ ಪ್ರಾಯೋಜಕತ್ವಕ್ಕೆ ಶಿಫಾರಸು ಮಾಡಿದೆವು. ಮಂಜೂರಾಗಿ ಹಣ ಖಾತೆಗೆ ಬರುವಷ್ಟರಲ್ಲಿ ನಾಟಿ ಮುಗಿದು ಕಳೆ ತೆಗೆಯುವುದೂ ಮುಗಿದಿತ್ತು. ಮೇಸ್ತ್ರಿಯ ಮುಂಗಡವನ್ನು ತೀರಿಸಿದ್ದು ಜೋಗವ್ವ ಎಂದು ಆಮೇಲೆ ತಿಳಿಯಿತು.

ಕೂಸು ಚೇತರಿಸಿಕೊಂಡಿದೆ. ಬಲಗೈ ಹಿಡಿತ ಸ್ವಲ್ಪ ಕಡಿಮೆ, ವ್ಯಾಯಾಮ ಹೇಳಿಕೊಟ್ಟಿದ್ದಾರೆ. ವೈದ್ಯರ ಅಭಿಪ್ರಾಯ, ಪತ್ತಾರರ ಮತ್ತು ಆಶಾ ಕಾರ್ಯಕರ್ತೆಯ ಮಾತುಗಳನ್ನು ಸಮಿತಿ ತನಿಖಾಧಿಕಾರಿಗೆ ಕಳಿಸಿಕೊಟ್ಟಿತು. ಬಿ ರಿಪೋರ್ಟ್, ಅಂದರೆ ಕೇಸು ಮುಚ್ಚುವ ವರದಿ, ಹಾಕುತ್ತಾರೆ ಎಂದು ವಕೀಲೆ ನಂಬಿದ್ದರು. ದೋಷಾರೋಪ ಪಟ್ಟಿಯೇ ಸಲ್ಲಿಕೆಯಾಗಿದೆ. ಅದರಲ್ಲಿ ಹೊಟ್ಟೆಯ ಮೇಲಿನ ನಾಲ್ಕು ಕಲೆಗಳು ಈಗಲೂ ಆರೋಪಿಯ ಕೃತ್ಯದ ಪಟ್ಟಿಯಲ್ಲೇ ಇವೆ. ಪ್ರಾಸಿಕ್ಯೂಷನ್ ಪರ ಮೊದಲ ಸಾಕ್ಷಿ ಅಜ್ಜಿ. ಜೋಗವ್ವನ ಪರವಾಗಿ ನನ್ನನ್ನು ಸಾಕ್ಷಿಯಾಗಿ ಕರೆಸುವುದಾಗಿ ವಕೀಲೆ ಹೇಳಿದ್ದಾರೆ. ಸಮಿತಿಯ ಆದೇಶದ ದೃಢೀಕೃತ ಪ್ರತಿಗೆ ಅರ್ಜಿ ಹಾಕಿದ್ದೇನೆ.